ಕಾಗದದೊಳಗಿನ ಮೂರನೆಯವರು



ಹಂಪೆಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಮಗೆ, ಹೆಸರೆಂದರೆ ಕಲ್ಲಿನ ಮೇಲೆ ಕೊರೆದು ನಾಲ್ಕು ಮಂದಿಯ ಕಣ್ಣಿಗೆ ಬೀಳುವಂತೆ ನಿಲ್ಲಿಸತಕ್ಕ ವಸ್ತುವೆಂಬ ಭಾವನೆ ಬಾಲ್ಯದಿಂದಲೇ ಮನಸ್ಸಿನಲ್ಲಿ ಬೇರೂರಿರುತ್ತದೆ. ಪಟ್ಟಾಭಿಷೇಕದ ಸಂದರ್ಭದಲ್ಲಿ ವಿರೂಪಾಕ್ಷನ ಗುಡಿಗೆ ರಂಗಮಂಟಪವನ್ನು ಕಟ್ಟಿಸಿದ ಕೃಷ್ಣದೇವರಾಯನು ಅದರ ಮುಂದೆಯೇ ಶಾಸನವನ್ನೂ ನಿಲ್ಲಿಸಿದನು. ಅರಸನ ಮಾತಿರಲಿ, ಕೆರೆಯ ತೂಬನ್ನು ಕಟ್ಟಿಸಿದವನು, ನಂದಾದೀವಿಗೆಗೆ ಎಣ್ಣೆಯನ್ನು ಬಿಟ್ಟವನು, ಮಾನ್ಯದ ಹೊಲವನ್ನು ಧಾರೆಯೆರೆದವನು, ಎಲ್ಲರೂ ತಮ್ಮ ಹೆಸರನ್ನೂ ತಂದೆಯ ಹೆಸರನ್ನೂ ಕೊರೆಯಿಸಿ, ಅದು ಸೂರ್ಯಚಂದ್ರರಿರುವ ಪರ್ಯಂತ ನಿಲ್ಲಲೆಂದು ಹಾರೈಸಿ, ಅಳುಪಿದವನಿಗೆ ಗಂಗೆಯ ತಡಿಯಲ್ಲಿ ಕಪಿಲೆಯನ್ನು ಕೊಂದ ಪಾಪ ತಗಲಲೆಂದು ಶಪಿಸಿ ಹೋದರು. ಇಂತಹ ನೆಲದಲ್ಲಿ ನಿಂತು, ಕೆಲವು ಹೆಸರುಗಳನ್ನು ಲೋಕದ ಕಣ್ಣಿನಿಂದ ಮರೆಸಿಡಬೇಕೆಂದು ವಾದಿಸುವುದು ವಿಪರೀತವಾಗಿ ತೋರಿದರೆ ಆಶ್ಚರ್ಯವಿಲ್ಲ. ಅದರಲ್ಲಿಯೂ ದತ್ತಿಯೆಂಬುದೇ ಒಂದು ಹೆಸರು ಅಳಿಯದಂತೆ ಮಾಡಿದ ಏರ್ಪಾಡಾಗಿರುವಾಗ, ಗಾದಿಗನೂರಿನಲ್ಲಿ ನಡೆಯುತ್ತಿರುವ ಇಂತಹ ದತ್ತಿ ಉಪನ್ಯಾಸದ ವೇದಿಕೆಯಿಂದಲೇ ಈ ಮಾತನ್ನು ಆಡುವುದಕ್ಕೆ ದಾನಿಗಳ ಅಪ್ಪಣೆಯನ್ನು ಬೇಡಿಕೊಳ್ಳುತ್ತೇನೆ.

ನಮ್ಮಲ್ಲಿ ಆಧುನಿಕ ರೀತಿಯ ಇತಿಹಾಸ ಸಂಶೋಧನೆಯು ಹುಟ್ಟಿದುದು ಬಹುಮಟ್ಟಿಗೆ ಶಾಸನಗಳಿಂದ. ಮೈಸೂರು ಸೀಮೆಯಲ್ಲಿ ಲೂಯಿ ರೈಸರು 1886ರಿಂದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟಗಳನ್ನು ಹೊರತರತೊಡಗಿದರು. ಬಳ್ಳಾರಿ ಜಿಲ್ಲೆಯು ಆಗ ಮದರಾಸಿಗೆ ಸೇರಿದ್ದುದರಿಂದ ನಮ್ಮ ಕಲ್ಲುಗಳ ಬರಹ 1939ರಲ್ಲಿ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಯಿತು. ಒಂದಕ್ಷರವನ್ನೂ ಬಿಡದೆ ಓದು, ಓದಿದುದನ್ನು ಮುಚ್ಚಿಡದೆ ಪ್ರಕಟಿಸು ಎಂಬುದು ಆ ಶಾಸ್ತ್ರವು ಹೇಳಿಕೊಟ್ಟ ಶಿಸ್ತು. ಕಲ್ಲಿನ ವಿಷಯದಲ್ಲಿ ಆ ಶಿಸ್ತಿಗೆ ನಾನು ತಲೆಬಾಗುತ್ತೇನೆ, ಏಕೆಂದರೆ ಅಲ್ಲಿ ಬರೆಯಿಸಿದವನ ಇಚ್ಛೆಯೂ ಓದುವವನ ಇಚ್ಛೆಯೂ ಒಂದೇ ಆಗಿವೆ. ಆದರೆ ಅದೇ ಶಿಸ್ತನ್ನು ಹೊತ್ತುಕೊಂಡು ನಮ್ಮ ಸಂಶೋಧಕರು ಮನೆಗಳ ಅಟ್ಟವನ್ನು ಹತ್ತಿ, ಸಂದೂಕದ ತಳದಲ್ಲಿರುವ ಕಾಗದಪತ್ರಗಳ ಕಟ್ಟನ್ನು ಬಿಚ್ಚಿದಾಗ, ಎಲ್ಲ ದಾರಿಹೋಕರಿಗೂ ಬರೆದ ಬರಹಕ್ಕೂ ಒಬ್ಬನಿಗಾಗಿಯೇ ಬರೆದ ಬರಹಕ್ಕೂ ನಡುವಣ ಭೇದವು ಕಣ್ಮರೆಯಾಗುತ್ತದೆ.

ಗಾದಿಗನೂರಿನ ರೈಲುನಿಲ್ದಾಣದಲ್ಲಿ ಟಪಾಲಿನ ಚೀಲ ಇಳಿಯುತ್ತಿದ್ದ ಕಾಲದ ಅಂತಹ ಒಂದು ಕಟ್ಟು ಇಲ್ಲಿನ ಒಂದು ಮನೆಯಲ್ಲಿ ದೊರೆಯಿತೆಂದು ಭಾವಿಸೋಣ. ಮೊದಲಲ್ಲಿ ಶ್ರೀಕಾರ, ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರ, ಉಭಯಕುಶಲೋಪರಿ. ಆಮೇಲೆ ಮಳೆಬೆಳೆ, ಎತ್ತಿನ ಬೆಲೆ, ಕೊಟ್ಟ ಸಾಲ, ಬಾರದ ಬಡ್ಡಿ. ಈ ಎರಡು ಪುಟ ದಾಟಿದ ಮೇಲೆ, ಅಂಚಿನಲ್ಲಿ ಅಡ್ಡಡ್ಡವಾಗಿ, ಜಾಗವಿಲ್ಲದೆ ಒತ್ತಿ ಬರೆದ ನಾಲ್ಕು ಸಾಲು. ಇಂಥವಳು ತವರಿಗೆ ಬಂದವಳು ಹಿಂದಿರುಗಲಿಲ್ಲ, ಇಂಥವನ ಎದೆಯ ಬೇನೆ ಬಳ್ಳಾರಿಯ ಡಾಕ್ಟರರು ಹೇಳಿದ ಆ ರೋಗವೇ ಅಂತೆ, ಸಂಬಂಧ ಕೇಳಿಕೊಂಡು ಬಂದವರಿಗೆ ಮಾತ್ರ ತಿಳಿಯಕೂಡದು. ಇತಿಹಾಸಕಾರನಿಗೆ ಆ ಅಂಚಿನ ಸಾಲುಗಳೇ ಅಮೂಲ್ಯವೆಂಬುದನ್ನು ಬಲ್ಲೆ. ಸರಕಾರದ ಕ್ಷಾಮದ ವರದಿಯಲ್ಲಿಯಾಗಲಿ ಜನಗಣತಿಯ ಪಟ್ಟಿಯಲ್ಲಿಯಾಗಲಿ ಕಾಣದ ಜೀವನ ಅಲ್ಲಿದೆ. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೆ ಹರಿದುಹಾಕುವ ರೂಢಿಯುಳ್ಳ ನಮ್ಮಲ್ಲಿ, ಕಟ್ಟಿನಲ್ಲಿ ಉಳಿದಿರುವುದು ಬದುಕಿದ್ದವರ ಕಷ್ಟವೇ ಆಗಿರುವುದು ಸಹಜ.

ಈಗ ಪ್ರಶ್ನೆಯೆಂದರೆ, ಆ ಅಂಚಿನ ಸಾಲುಗಳಿಗೆ ಒಡೆಯರು ಯಾರು? ನ್ಯಾಯಶಾಸ್ತ್ರದ ಉತ್ತರ ಸ್ಪಷ್ಟವಾಗಿದೆ. ಕಾಗದವು ವಸ್ತುವಾಗಿ ಅದನ್ನು ಪಡೆದವನದು. ಅದರೊಳಗಿನ ಮಾತಿನ ಹಕ್ಕು ಬರೆದವನದು, ಅವನ ತರುವಾಯ ಅವನ ವಾರಸುದಾರರದು. 1957ರ ಕೃತಿಸ್ವಾಮ್ಯದ ಕಾಯಿದೆಯನ್ನು ತಿರುವಿದರೆ ಇಷ್ಟು ತಿಳಿಯುತ್ತದೆ. ಆದರೆ ತವರಿಗೆ ಬಂದು ಹಿಂದಿರುಗದ ಆ ಹೆಣ್ಣುಮಗಳು ಬರೆದವಳೂ ಅಲ್ಲ, ಪಡೆದವಳೂ ಅಲ್ಲ. ತನ್ನ ವಿಚಾರವಾಗಿ ಒಂದು ಕಾಗದ ಹೋಯಿತೆಂಬುದೇ ಅವಳಿಗೆ ಗೊತ್ತಿರಲಿಕ್ಕಿಲ್ಲ. ಕಾಗದದ ಒಳಗೆ ಕೇವಲ ಸುದ್ದಿಯಾಗಿ ಸಿಕ್ಕಿಕೊಂಡಿರುವ ಈ ಮೂರನೆಯವರಿಗೆ ಕಾಗದದ ಮೇಲೂ ಹಕ್ಕಿಲ್ಲ, ಮಾತಿನ ಮೇಲೂ ಹಕ್ಕಿಲ್ಲ. ಪತ್ರಸಂಪುಟಗಳನ್ನು ಪ್ರಕಟಿಸುವವರು ಬರೆದವರ ಮಕ್ಕಳಿಂದ ಅನುಮತಿಯನ್ನು ಪಡೆದು, ಮುನ್ನುಡಿಯಲ್ಲಿ ಕೃತಜ್ಞತೆಯನ್ನು ಸಲ್ಲಿಸಿ, ತಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದುಂಟು. ಆ ಅನುಮತಿಯು ಬರೆದವರ ಗುಟ್ಟಿಗೆ ಮಾತ್ರ ಸಲ್ಲುತ್ತದೆ. ಪರರ ಗುಟ್ಟನ್ನು ಬಿಟ್ಟುಕೊಡುವ ಅಧಿಕಾರ ಯಾರ ಮಕ್ಕಳಿಗೂ ಇಲ್ಲ.

ಇಂತಹ ಗುಟ್ಟನ್ನು ಕಾಯುವ ಪದ್ಧತಿಯೊಂದು ಹಿಂದೆಯೂ ಇತ್ತು. ನಮ್ಮ ಸೀಮೆಗೆ 1800ರಿಂದ 1807ರವರೆಗೆ ಪ್ರಧಾನ ಕಲೆಕ್ಟರರಾಗಿದ್ದ ಥಾಮಸ್ ಮನ್ರೋ ಸಾಹೇಬರು ತಂದೆಗೂ ತಂಗಿಗೂ ಬರೆದ ಕಾಗದಗಳು, ಅವರು 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡ ಮೂರೇ ವರ್ಷಕ್ಕೆ, ಗ್ಲೀಗ್ ಪಾದ್ರಿಗಳು ಬರೆದ ಜೀವನಚರಿತ್ರೆಯಲ್ಲಿ ಅಚ್ಚಾದವು. ಆ ಕಾಲದ ಇಂಗ್ಲಿಷ್ ಸಂಪಾದಕರಲ್ಲಿ, ಬದುಕಿರುವವರ ಹೆಸರು ಬಂದೆಡೆ ಉದ್ದವಾದ ಗೆರೆಯೊಂದನ್ನು ಎಳೆದು ಮುಂದೆ ಸಾಗುವ ಪದ್ಧತಿ ಸಾಮಾನ್ಯವಾಗಿತ್ತು. ಅದು ಸಮಾನರು ಸಮಾನರಿಗೆ ತೋರಿಸುತ್ತಿದ್ದ ದಾಕ್ಷಿಣ್ಯ. ಸಮಾನರಲ್ಲದವರಿಗೂ ಅದು ಸಲ್ಲಬೇಕೆಂಬುದೇ ನನ್ನ ವಾದದ ಸಾರ.

ಕಾನೂನು ಈ ಮೂರನೆಯವರನ್ನು ಪೂರ್ತಿಯಾಗಿ ಮರೆತಿದೆಯೆಂದು ಹೇಳಲಾರೆ. ನಮ್ಮ ಕರ್ನಾಟಕದ ಉಚ್ಚನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಅರ್ಜಿಯ ಮೇಲೆ, 2017ರ ಆಗಸ್ಟ್ 24ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ಆದರೆ ಹಳೆಯ ಕಡತಗಳ ವಿಷಯಕ್ಕೆ ಬಂದರೆ ಕಾನೂನಿನ ಹಿಡಿತ ಸಡಿಲವಾಗುತ್ತದೆ. 2005ರ ಮಾಹಿತಿ ಹಕ್ಕಿನ ಕಾಯಿದೆಯು ವೈಯಕ್ತಿಕ ಮಾಹಿತಿಗೆ ಒಂದು ರಕ್ಷಣೆಯನ್ನು ಕೊಟ್ಟು, ಇಪ್ಪತ್ತು ವರ್ಷ ಕಳೆದ ಸಂಗತಿಗಳ ವಿಷಯದಲ್ಲಿ ಆ ರಕ್ಷಣೆಯನ್ನು ತಾನೇ ತೆಗೆದುಹಾಕುತ್ತದೆ. 2023ರ ದತ್ತಾಂಶ ಸಂರಕ್ಷಣೆಯ ಕಾಯಿದೆಯಾದರೋ ಸಂಶೋಧನೆಗೂ ಪತ್ರಾಗಾರದ ಕೆಲಸಕ್ಕೂ ಷರತ್ತಿನ ಮೇಲೆ ವಿನಾಯಿತಿ ನೀಡಿದೆ. ಇಪ್ಪತ್ತು ವರ್ಷವೆಂದರೆ ದಿಲ್ಲಿಯ ಕಚೇರಿಗೆ ದೀರ್ಘಕಾಲವಿರಬಹುದು. ಹಳ್ಳಿಯಲ್ಲಿ ಅಷ್ಟರೊಳಗೆ ತೊಟ್ಟಿಲ ಮಗು ಮದುವೆಯ ವಯಸ್ಸಿಗೆ ಬಂದಿರುತ್ತದೆ, ಕಾಗದದಲ್ಲಿದ್ದ ಸುದ್ದಿಯು ಸರಿಯಾಗಿ ಆ ಹೊತ್ತಿಗೇ ಮತ್ತೆ ಎಚ್ಚೆತ್ತುಕೊಳ್ಳುತ್ತದೆ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಹಿಂದಿನ ಕಾಲದ ಕಾಗದವು ಅಷ್ಟೊಂದು ಖಾಸಗಿಯಾಗಿತ್ತೆ? ಬರೆಯಲು ಬಾರದವರು ಶಾನಭೋಗರ ಕೈಯಲ್ಲಿಯೋ ಸಾಲೆಯ ಮಾಸ್ತರರ ಕೈಯಲ್ಲಿಯೋ ಬರೆಯಿಸುತ್ತಿದ್ದರು. ಬಂದ ಕಾಗದವನ್ನು ಪೋಸ್ಟಿನವನೇ ಕಟ್ಟೆಯ ಮೇಲೆ ಕುಳಿತು ಓದಿ ಹೇಳುತ್ತಿದ್ದ, ಓಣಿಯೆಲ್ಲ ಕೇಳುತ್ತಿತ್ತು. ಓಣಿಗೆಲ್ಲ ತಿಳಿದುದನ್ನು ಇಂದು ಮುಚ್ಚುವುದೇನು? ಯುಕ್ತಿ ಚೆನ್ನಾಗಿದೆ, ಆದರೆ ಓಣಿಯ ತಿಳಿವಳಿಕೆಗೂ ಅಚ್ಚಿನ ತಿಳಿವಳಿಕೆಗೂ ಅಂತರವುಂಟು. ಓಣಿಗೆ ಆ ಹೆಣ್ಣುಮಗಳು ಏಕೆ ಹಿಂದಿರುಗಲಿಲ್ಲವೆಂಬುದೂ ತಿಳಿದಿತ್ತು, ಗಂಡನ ಮನೆಯವರ ಸ್ವಭಾವವೂ ತಿಳಿದಿತ್ತು, ಮುಂದೆ ಅವಳು ಮಕ್ಕಳನ್ನು ಸಾಕಿ ದಡ ಹಾಯಿಸಿದುದೂ ತಿಳಿದಿತ್ತು. ಓಣಿಯು ಆಡಿಕೊಳ್ಳುತ್ತಿತ್ತು, ಮರೆಯುತ್ತಲೂ ಇತ್ತು. ಅಚ್ಚಿಗೆ ಮರೆವಿಲ್ಲ. ಅಷ್ಟೇ ಅಲ್ಲದೆ, ಹಳೆಯ ಕಾಗದಗಳಿಗೆ ಅವುಗಳ ದುರ್ಗಮತೆಯೇ ಒಂದು ಕಾವಲಾಗಿತ್ತು. ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರು ವಿರಳ, ರುಮಾಲಿನಲ್ಲಿ ಕಟ್ಟಿಟ್ಟ ದಪ್ತರವನ್ನು ಬಿಚ್ಚಿ ಧೂಳು ಕುಡಿಯುವವರು ಇನ್ನೂ ವಿರಳ. ಈಗ ಆ ಪುಟಗಳನ್ನೆಲ್ಲ ಸ್ಕ್ಯಾನ್ ಮಾಡಿ, ಕನ್ನಡದ ಅಕ್ಷರವನ್ನು ಯಂತ್ರವೇ ಓದುವಂತೆ ಮಾಡಿದ ಮೇಲೆ, ಊರಿನ ಹೆಸರನ್ನೂ ಮನೆತನದ ಹೆಸರನ್ನೂ ಒತ್ತಿದರೆ ಅಜ್ಜಿಯ ಕಣ್ಣೀರು ಕ್ಷಣಾರ್ಧದಲ್ಲಿ ಮೊಮ್ಮಗನ ಸಂಬಂಧ ನೋಡುವವರ ಮೊಬೈಲಿಗೆ ಬಂದು ಬೀಳುತ್ತದೆ. ಗಣಕೀಕರಣವು ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಧೂಳು ಮಾಡುತ್ತಿದ್ದ ಕಾವಲನ್ನು ಇನ್ನು ಮೇಲೆ ಮನುಷ್ಯರು ಮಾಡಬೇಕಾಗಿದೆ.

ಹೆಸರನ್ನು ಮರೆಸುವುದು ಪರದೇಶದಿಂದ ತಂದ ಸಂಪ್ರದಾಯವೆಂದು ಯಾರೂ ತಿಳಿಯಬೇಕಾಗಿಲ್ಲ. ಮದುವೆಯ ಮನೆಯಲ್ಲಿ ಗಂಡನ ಹೆಸರನ್ನು ನೇರವಾಗಿ ಹೇಳಲೊಲ್ಲದೆ ಒಡಪಿಟ್ಟು ಹೇಳುವ ನಮ್ಮ ಹೆಣ್ಣುಮಕ್ಕಳಿಗೆ, ಬಾಯಿಗೆ ಬಂದಂತೆ ಹೆಸರು ತೆಗೆಯಬಾರದೆಂಬ ಸೂಕ್ಷ್ಮವು ಉಪದೇಶವಿಲ್ಲದೆಯೇ ತಿಳಿದಿದೆ. ವಚನಕಾರರು ಇಷ್ಟದೈವದ ಅಂಕಿತವನ್ನಿಟ್ಟು ತಮ್ಮ ಹೆಸರನ್ನು ಹಿಂದೆ ಸರಿಸಿದರು. ಹಂಪೆಯ ಹೊಳೆಯ ದಂಡೆಯಲ್ಲಿ ಯಾರ ಮಂಟಪವನ್ನು ಇಂದಿಗೂ ತೋರಿಸುತ್ತಾರೋ ಆ ದಾಸರು ವಿಠಲನ ಹೆಸರಿನಲ್ಲಿಯೇ ಹಾಡಿದರು. ಇವು ತಮ್ಮ ಹೆಸರನ್ನು ತಾವೇ ಮರೆಸಿಕೊಂಡವರ ದೃಷ್ಟಾಂತಗಳು. ಪರರ ಹೆಸರನ್ನು ಮರೆಸುವುದು ಇದಕ್ಕಿಂತ ತೊಡಕಿನ ಕೆಲಸ.

ತೊಡಕು ಎಲ್ಲಿದೆಯೆಂದರೆ, ಹೆಸರನ್ನು ತೆಗೆದ ಮಾತ್ರಕ್ಕೆ ವ್ಯಕ್ತಿಯು ಮರೆಯಾಗುವುದಿಲ್ಲ. ನಮ್ಮ ಕಾಗದಗಳಲ್ಲಿ ಹೆಸರುಗಳು ಬರುವುದೇ ಕಡಮೆ. ಹೊಸಪೇಟೆಯ ಅತ್ತೆ, ಕಂಪ್ಲಿಯ ಸಣ್ಣಮಾವ, ಟೇಶನ್ ಹತ್ತಿರದ ಮನೆಯ ಹಿರಿಯ ಸೊಸೆ, ಹೀಗೆ ನಂಟಿನಿಂದಲೂ ಜಾಗದಿಂದಲೂ ಜನರನ್ನು ಗುರುತಿಸುವುದು ವಾಡಿಕೆ. ಬೆಂಗಳೂರಿನಂತಹ ಪಟ್ಟಣದಲ್ಲಿ ಹೆಸರಿನ ಬದಲು ಒಂದಕ್ಷರವನ್ನಿಟ್ಟರೆ ಸಾಕು, ಲಕ್ಷಾಂತರ ಮಂದಿಯ ನಡುವೆ ಆ ಅಕ್ಷರ ಕರಗಿಹೋಗುತ್ತದೆ. ಗಾದಿಗನೂರಿನಲ್ಲಿ ಟೇಶನ್ ಹತ್ತಿರದ ಮನೆಯ ಹಿರಿಯ ಸೊಸೆಯೆಂದು ಬರೆದು ಹೆಸರನ್ನು ಬಿಟ್ಟರೆ, ಬಿಟ್ಟಿದೆಯೆಂಬ ಕಾರಣಕ್ಕಾಗಿಯೇ ಎಲ್ಲರೂ ಅದನ್ನು ವಿಚಾರಿಸಿ ತಿಳಿದುಕೊಳ್ಳುತ್ತಾರೆ. ಮುಚ್ಚಿದ್ದು ಹೆಚ್ಚು ಬೆಳಗುತ್ತದೆ.

ಈ ಮಾತಿಗೆ ಕನ್ನಡನಾಡಿನಲ್ಲಿಯೇ ಸುಪ್ರಸಿದ್ಧವಾದ ನಿದರ್ಶನವೊಂದಿದೆ. ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಬಿಡಾರ ಹೂಡಿ, ಒಕ್ಕಲು, ಜಾತಿ, ಜಗಳ, ಹಬ್ಬ ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡರು. 1970ರ ಏಪ್ರಿಲಿನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆ ಟಿಪ್ಪಣಿಗಳನ್ನು ಆಧರಿಸಿದ ಬರಹಗಳು ಆಹುತಿಯಾದುವು. ಆಗ ಅವರು ನೆನಪನ್ನೇ ಮುಖ್ಯವಾಗಿ ನೆಚ್ಚಿ ಬರೆದು 1976ರಲ್ಲಿ ಪ್ರಕಟಿಸಿದ ಗ್ರಂಥವು ಲೋಕವಿಖ್ಯಾತವಾಯಿತು. ಹಳ್ಳಿಗೆ ಅವರು ಕೊಟ್ಟ ಹೆಸರು ರಾಂಪುರ. ಆದರೆ ರಾಂಪುರವೆಂದರೆ ಕೊಡಗಹಳ್ಳಿಯೆಂಬುದು ಇಂದು ಯಾವ ವಿದ್ಯಾರ್ಥಿಗೆ ತಿಳಿಯದು? ಊರಿಗಿಟ್ಟ ಮುಸುಕು ಸರಿಯಿತೆಂದರೆ ಆ ಊರಿನ ಮುಖಂಡನ ಮುಸುಕು ಎಷ್ಟು ಹೊತ್ತು ನಿಂತೀತು? ಇದು ಶ್ರೀನಿವಾಸರ ದೋಷವಲ್ಲ. ಗ್ರಂಥವು ಕೀರ್ತಿಯನ್ನು ಪಡೆದಷ್ಟೂ ಅದರ ಮರೆವೇಷ ಕಳಚುತ್ತದೆಂಬುದು ಈ ವಿದ್ಯೆಗೆ ಅಂಟಿಕೊಂಡ ವಿಪರ್ಯಾಸ. ಆದುದರಿಂದ ಸಣ್ಣ ಊರಿನ ಕಾಗದಗಳನ್ನು ಪ್ರಕಟಿಸುವವನು ಹೆಸರಿಗೆ ಮಾತ್ರ ಕತ್ತರಿ ಹಾಕದೆ, ಮನೆ, ನಂಟು, ಕಸುಬು, ಇಸವಿ ಇವುಗಳಲ್ಲಿ ಯಾವುದು ಗುರುತನ್ನು ಹೇಳಿಬಿಡುತ್ತದೆಯೆಂದು ಆ ಊರಿನವನ ಕಣ್ಣಿನಿಂದ ಓದಿ ನೋಡಬೇಕು. ಅಷ್ಟು ಮಾಡಿದ ಮೇಲೂ ಗುರುತು ನಿಲ್ಲುವುದಾದರೆ, ಆ ಕಾಗದವನ್ನು ಅಚ್ಚು ಹಾಕದೆ ಕಾಯುವುದೇ ಲೇಸು.

ಬದಲಿ ಹೆಸರನ್ನು ಇಡುವುದರಲ್ಲಿಯೂ ವಿವೇಕ ಬೇಕು. ಹುಲಿಗೆಮ್ಮ, ಹಂಪಮ್ಮ, ಜಂಬಣ್ಣ, ಪಂಪಾಪತಿ ಎಂಬ ಹೆಸರುಗಳಲ್ಲಿ ನಮ್ಮ ಸೀಮೆಯ ದೇವರೂ ಹರಕೆಯೂ ಕುಲವೂ ನೆಲಸಿವೆ. ಹುಲಿಗೆಮ್ಮನನ್ನು ತೆಗೆದು ಆ ಜಾಗದಲ್ಲಿ ಲಲಿತೆಯನ್ನು ಕೂಡಿಸಿದರೆ ಸಮಾಜವನ್ನೇ ಬದಲಾಯಿಸಿದಂತಾಗುತ್ತದೆ, ಮುಂದಿನ ಸಂಶೋಧಕನು ದಾರಿ ತಪ್ಪುತ್ತಾನೆ. ಪಂಪಾಪತಿಯ ಬದಲಿಗೆ ವಿರೂಪಾಕ್ಷಪ್ಪನೆಂದರೆ ದೇವರು ಒಬ್ಬನೇ ಆಗಿ, ಮನುಷ್ಯ ಮಾತ್ರ ಮರೆಯಾಗುತ್ತಾನೆ. ಮೂಲದ ಕಾಗದದ ಮೇಲೆ ಮಸಿ ಬಳಿಯುವುದಾದರೋ ಸರ್ವಥಾ ಸಲ್ಲದು. ಅದು ಶಾಸನವನ್ನು ಉಳಿಯಿಂದ ಹೊಡೆದಂತೆಯೇ ಸರಿ.

ಇನ್ನು ಯಾರ ಹೆಸರನ್ನು ಮರೆಸಬೇಕು, ಯಾರದನ್ನು ಮರೆಸಬಾರದು ಎಂಬ ವಿಚಾರ. ನಮ್ಮ ಜಿಲ್ಲೆಯಲ್ಲಿ ದೇವರಿಗೆ ಬಿಟ್ಟ ಹೆಣ್ಣುಮಕ್ಕಳ, ಬಸವಿಯರ, ವಿಷಯವಾಗಿ ಬರೆದವರು ಕಡಮೆಯಿಲ್ಲ. ಪೊಲೀಸು ಅಧಿಕಾರಿ ಫಾಸೆಟ್ ಸಾಹೇಬರು ಮುಂಬಯಿಯ ಮಾನವಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಬರೆದರು, 1909ರಲ್ಲಿ ಥರ್ಸ್ಟನ್ನರು ಜಾತಿಬುಡಕಟ್ಟುಗಳ ಸಂಪುಟಗಳಲ್ಲಿ ಆ ವಿಷಯವನ್ನು ಎತ್ತಿಕೊಂಡರು. ದೇವರಿಗೆ ಬಿಟ್ಟವರ ದತ್ತಕ ಮತ್ತು ಆಸ್ತಿಯ ವ್ಯಾಜ್ಯಗಳು ಹೈಕೋರ್ಟಿನ ತೀರ್ಪುಗಳ ಸಂಪುಟಗಳಲ್ಲಿ ಹೆಸರು ಸಹಿತವಾಗಿ ಅಚ್ಚಾಗಿ ಕುಳಿತಿವೆ. 1947ರಲ್ಲಿ ಮದರಾಸು ಸರಕಾರವೂ 1982ರಲ್ಲಿ ಕರ್ನಾಟಕವೂ ಈ ಪದ್ಧತಿಯನ್ನು ನಿಷೇಧಿಸಿದವು. ಆಮೇಲೆ 1993-94ರಲ್ಲಿಯೂ 2007-08ರಲ್ಲಿಯೂ ಪುನರ್ವಸತಿಗೆಂದು ಸಮೀಕ್ಷೆ ನಡೆದು ಪಟ್ಟಿಗಳು ಸಿದ್ಧವಾದವು. ಪಿಂಚಣಿ ಕೊಡಬೇಕಾದರೆ ಪಟ್ಟಿ ಬೇಕು, ಹೆಸರು ಬೇಕು, ಇದರಲ್ಲಿ ಅನ್ಯಾಯವಿಲ್ಲ. ಆದರೆ ಉಪಕಾರಕ್ಕೆಂದು ಬರೆದ ಪಟ್ಟಿಯು ನಾಳೆ ಪತ್ರಾಗಾರದ ಕಪಾಟನ್ನು ಸೇರಿ, ಅಲ್ಲಿಂದ ಪ್ರಬಂಧದ ಅನುಬಂಧಕ್ಕೆ ಹಾರಿದರೆ, ಅದೇ ಪಟ್ಟಿಯು ಮಗಳ ಕೊರಳಿಗೆ ಕಟ್ಟಿದ ಫಲಕವಾಗುತ್ತದೆ. ಅಪರಾಧಿ ಬುಡಕಟ್ಟುಗಳ ಕಾಯಿದೆಯ ರಿಜಿಸ್ಟರುಗಳೂ ಇಂತಹವೇ. ಆ ಕಾಯಿದೆಯ ಪ್ರಕಾರ ಹೆಸರು ಬರೆದು, ಬೆರಳೊತ್ತು ತೆಗೆದು, ಹಾಜರಿ ಕರೆದು, ಹುಬ್ಬಳ್ಳಿ ಗದಗುಗಳ ಸೆಟ್ಲ್‌ಮೆಂಟುಗಳ ಬೇಲಿಯೊಳಗೆ ಕೂಡಿಟ್ಟ ಕುಟುಂಬಗಳನ್ನು, ಅದು ರದ್ದಾದಾಗ ಬಿಡುಗಡೆ ಮಾಡಿದರು. ಮನುಷ್ಯರಿಗೆ ಬಿಡುಗಡೆಯಾಯಿತು, ರಿಜಿಸ್ಟರಿನಲ್ಲಿದ್ದ ಹೆಸರುಗಳಿಗೆ ಯಾರೂ ಬಿಡುಗಡೆ ಕೊಡಲಿಲ್ಲ.

ಹಾಗೆಂದು ಖಾಸಗಿತನದ ಹೆಸರಿನಲ್ಲಿ ಎಲ್ಲವನ್ನೂ ಮುಚ್ಚುವುದಕ್ಕೆ ಹೊರಟವರೊಡನೆ ನಾನು ನಿಲ್ಲಲಾರೆ. ಸಂಡೂರು ಹೊಸಪೇಟೆಗಳ ಬೆಟ್ಟಗಳಲ್ಲಿ ಅದಿರು ಹೋದ ಬಗೆಯನ್ನು ಶೋಧಿಸಿ, ಲೋಕಾಯುಕ್ತರಾಗಿದ್ದ ಸಂತೋಷ ಹೆಗ್ಡೆಯವರು 2011ರ ಜುಲೈಯಲ್ಲಿ ಒಪ್ಪಿಸಿದ ವರದಿಯು ಹೆಸರುಗಳನ್ನು ಬಿಟ್ಟು ಬರೆದಿದ್ದರೆ ಅದು ಯಾತಕ್ಕೆ ಬರುತ್ತಿತ್ತು? ಅಧಿಕಾರವನ್ನು ನಡೆಸಿದವನ ಹೆಸರು ಆ ಅಧಿಕಾರದ ಮಟ್ಟಿಗೆ ಲೋಕದ್ದು. ಜರ್ಮನಿಯು 1991ರಲ್ಲಿ, ಹಿಂದಿನ ಪೂರ್ವ ಜರ್ಮನಿಯ ಗುಪ್ತಚರ ಇಲಾಖೆಯ ಕಡತಗಳ ಬಗ್ಗೆ ಮಾಡಿದ ಕಾಯಿದೆಯು ಈ ವಿವೇಕವನ್ನು ಚೆನ್ನಾಗಿ ತೋರಿಸುತ್ತದೆ. ಕಡತದಲ್ಲಿ ಯಾರ ಬದುಕು ಬರೆಯಲ್ಪಟ್ಟಿದೆಯೋ ಅವರು ಅದನ್ನು ನೋಡಬಹುದು. ಅದರಲ್ಲಿ ಬಂದುಹೋಗುವ ನೆರೆಹೊರೆಯವರ ಹೆಸರನ್ನು ಮರೆಸಿ ಕೊಡುತ್ತಾರೆ. ಸುದ್ದಿ ಮುಟ್ಟಿಸಿದ ಗೂಢಚಾರನು ಯಾರೆಂದು ಕೇಳಿದರೆ, ಹೇಳುತ್ತಾರೆ.

ನಮ್ಮಲ್ಲಿ ಇದೇ ನಿಯಮವನ್ನು 1942ರ ಸ್ವಾತಂತ್ರ್ಯ ಚಳವಳಿಯ ಪೊಲೀಸು ಕಡತಗಳಿಗೆ ಅನ್ವಯಿಸಬಹುದೆ? ಅಲ್ಲೀಪುರದ ಸೆರೆಮನೆಗೆ ಹೋದವರನ್ನು ಹಿಡಿದುಕೊಟ್ಟ ಬಾತ್ಮೀದಾರನ ಹೆಸರು ಸಿಕ್ಕಿದರೆ ಅಚ್ಚು ಹಾಕಬಹುದೆ? ನನ್ನ ಮನಸ್ಸು ಇಲ್ಲಿ ಹಿಂದೆಗೆಯುತ್ತದೆ, ಅದು ಬಾತ್ಮೀದಾರನ ಮೇಲಿನ ಕನಿಕರದಿಂದಲ್ಲ. ಕಡತವನ್ನು ಬರೆದ ಜಮಾದಾರನಿಗೆ ಇನಾಮಿನ ಲೆಕ್ಕ ತೋರಿಸಬೇಕಾಗಿತ್ತು. ತೋರಿಸಿದ ಹೆಸರು ನಿಜವೋ, ಆಗದವನ ಮೇಲಿನ ಹಗೆಯೋ, ಹಣ ನುಂಗಲು ಕಟ್ಟಿದ ಕತೆಯೋ, ಒಂದೇ ಕಾಗದವನ್ನು ನೆಚ್ಚಿ ನಿರ್ಣಯಿಸಲಾಗದು. ಎರಡನೆಯ ಸಾಕ್ಷ್ಯವು ದೊರೆತ ದಿನ ಆ ಹೆಸರನ್ನು ಸಂಕೋಚವಿಲ್ಲದೆ ಬರೆಯಲಿ.

ಎಷ್ಟು ಕಾಲ ಮರೆಸಿಡಬೇಕು? ಬ್ರಿಟನ್ನಿನವರು ಜನಗಣತಿಯ ಹಾಳೆಗಳನ್ನು ನೂರು ವರ್ಷ ಮುಚ್ಚಿಟ್ಟು, 1921ರದನ್ನು 2022ರಲ್ಲಿ ತೆರೆದರು. ಅಮೆರಿಕದವರ ಲೆಕ್ಕ 72 ವರ್ಷ. ನಮ್ಮ 1948ರ ಜನಗಣತಿ ಕಾಯಿದೆಯು ಆ ದಾಖಲೆಗಳನ್ನು ಯಾರಿಗೂ ತೋರಿಸಬಾರದೆಂದು ವಿಧಿಸಿ, ಅವಧಿಯ ಮಾತನ್ನೇ ಎತ್ತಿಲ್ಲ. ಮನೆಯ ಕಾಗದಗಳಿಗೆ ಇಂತಹ ಅಂಕಿಯನ್ನು ನಾನು ಸೂಚಿಸಲಾರೆ. ಹೆಣ್ಣು ಕೊಡುವ ತರುವ ಮಾತಿನಲ್ಲಿ ನಮ್ಮವರು ಮೂರು ತಲೆಮಾರನ್ನು ವಿಚಾರಿಸುತ್ತಾರೆ, ಆದುದರಿಂದ ಕಾಗದದಲ್ಲಿ ಹೆಸರಿಸಲ್ಪಟ್ಟವರ ಮೊಮ್ಮಕ್ಕಳ ಮದುವೆ ಮುಗಿಯುವವರೆಗೆಂದು ಇಟ್ಟುಕೊಂಡರೆ ನ್ಯಾಯವಾದೀತು.

ಮುಚ್ಚಿಟ್ಟ ತಮ್ಮ ಸಂಗತಿಯನ್ನು ತಾವೇ ತೆರೆಯುವ ಹಕ್ಕು ಮಾತ್ರ ಅವಧಿಗೆ ಕಾಯಬೇಕಾದುದಲ್ಲ. ಇಲ್ಲಿಂದ ಕೆಲವೇ ಹರದಾರಿ ದೂರದ ಮರಿಯಮ್ಮನಹಳ್ಳಿಯ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು, ಹುಟ್ಟಿದ ಮನೆಯು ಇಟ್ಟ ಹೆಸರನ್ನೂ ತಾವು ತಳೆದ ಹೆಸರನ್ನೂ, ಪಟ್ಟ ಅವಮಾನವನ್ನೂ, ಯಾವುದನ್ನೂ ಮರೆಮಾಡದೆ ಅರುಣ್ ಜೋಳದಕೂಡ್ಲಿಗಿಯವರ ನಿರೂಪಣೆಯಲ್ಲಿ ‘ನಡುವೆ ಸುಳಿವ ಹೆಣ್ಣು’ ಎಂಬ ಆತ್ಮಕಥನವಾಗಿ ಲೋಕದ ಮುಂದಿಟ್ಟರು. ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರ ಪದ್ಮಶ್ರೀಯನ್ನು ಪಡೆದರು. ಇದೇ ಸಂಗತಿಗಳನ್ನು ಯಾರೋ ಸಂಶೋಧಕನು ಯಾರದೋ ಕಾಗದದಿಂದ ಹೆಕ್ಕಿ ಅವರು ಬಾಯ್ದೆರೆಯುವ ಮೊದಲೇ ಪ್ರಕಟಿಸಿದ್ದರೆ, ಅಕ್ಷರ ಅವೇ ಇದ್ದರೂ ಕೃತ್ಯವು ಬೇರೆಯಾಗುತ್ತಿತ್ತು. ಎಂತಲೇ, ನಿಜವಾದ ಹೆಸರುಗಳ ಪಟ್ಟಿಯನ್ನು ಬೇರೆ ಲಕೋಟೆಯಲ್ಲಿಟ್ಟು ಅರಗು ಹಾಕಿದ ಪತ್ರಾಗಾರವು, ಹೆಸರಿನವರು ತಾವೇ ಬಂದು ಕೇಳಿದರೆ ಆ ಕ್ಷಣವೇ ಅದನ್ನು ಒಡೆದು ತೋರಿಸತಕ್ಕದ್ದು. ಮಕ್ಕಳು ಬಂದರೆ ತಮ್ಮ ಹಿರಿಯರ ಮಟ್ಟಿಗೆ ತೋರಿಸತಕ್ಕದ್ದು. ಪಕ್ಕದ ಮನೆಯವರು ಬಂದರೆ, ಎಷ್ಟೇ ದೊಡ್ಡ ಪಂಡಿತರಾಗಿರಲಿ, ಕಾಯತಕ್ಕದ್ದು.

ಬಳ್ಳಾರಿಯು ಮದರಾಸಿನಿಂದ ಬೇರ್ಪಟ್ಟ 1953ರ ಅಕ್ಟೋಬರ್ ಒಂದನೆಯ ತಾರೀಖಿನ ಮುಂಚಿನ ನಮ್ಮ ಜಿಲ್ಲೆಯ ಹಳೆಯ ಸರಕಾರಿ ದಾಖಲೆಗಳನ್ನು ಹುಡುಕುವವರು ಚೆನ್ನೈಯ ಎಗ್ಮೋರಿನ ಪತ್ರಾಗಾರದವರೆಗೆ ಹೋಗಬೇಕಾಗುತ್ತದೆ. 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಗೆ ತನ್ನದೇ ಆದ ಪತ್ರಾಗಾರವೊಂದು ಬೇಕು, ಅದಕ್ಕೆ ಹಂಪೆಯ ಕನ್ನಡ ವಿಶ್ವವಿದ್ಯಾಲಯದ ಹಸ್ತಪ್ರತಿ ವಿದ್ವಾಂಸರ ನೆರವೂ ದೊರಕಬೇಕು. ಅಲ್ಲಿಯವರೆಗೆ ನಿಮ್ಮ ಅಟ್ಟಗಳೇ ಪತ್ರಾಗಾರಗಳು. ಮಾನಕ್ಕೆ ಅಂಜಿ ಕಾಗದಗಳನ್ನು ಬಚ್ಚಲ ಒಲೆಗೆ ಹಾಕುತ್ತಿರುವ ಮನೆಗಳಿವೆಯೆಂದು ಕೇಳಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನೆಲದ ತೇವ ತಾಗದಂತೆ ಎತ್ತರದಲ್ಲಿಟ್ಟು, ಮೇಲೊಂದು ಚೀಟಿಯನ್ನು ಹೊಲಿದು, ಅದರಲ್ಲಿ ಕಾಗದಗಳು ಯಾರು ಯಾರಿಗೆ ಬರೆದವು, ಒಳಗೆ ಬರುವ ಯಾರ ಸಂಗತಿ ಸೂಕ್ಷ್ಮವಾದುದು, ಯಾವ ಇಸವಿಯವರೆಗೆ ಹೊರಗಿನವರಿಗೆ ತೋರಿಸಕೂಡದು, ಅದಕ್ಕಿಂತ ಮೊದಲು ಕೇಳಿ ಬಂದರೆ ಯಾರಿಗೆ ತೋರಿಸಬಹುದು ಎಂಬಷ್ಟನ್ನು ಮನೆಯ ಹಿರಿಯರು ತಮ್ಮ ಕೈಯಿಂದಲೇ ಬರೆದು ರುಜು ಹಾಕಿದರೆ ಸಾಕು.